ಅರ್ಧ ಬೆಲೆಯ ಕೋವಿ

1793ರಲ್ಲಿ ಫ್ರಾನ್ಸಿನೊಂದಿಗೆ ಯುದ್ಧ ಶುರುವಾದಾಗ ಬ್ರಿಟನ್ನಿನ ಬಳಿ ಸೈನಿಕರಿಗೆ ಸಾಲುವಷ್ಟು ಕೋವಿಗಳಿರಲಿಲ್ಲ. ಸೇನೆ ಬಳಸುತ್ತಿದ್ದ ಕೋವಿಗೆ 42 ಅಂಗುಲದ ನಳಿಗೆ. ಅದನ್ನು ಮಾಡಲು ಸಮಯವೂ ಹಣವೂ ಹೆಚ್ಚು ಬೇಕಿತ್ತು. ಆಗ ಸರ್ಕಾರದ ಕಣ್ಣು ಈಸ್ಟ್ ಇಂಡಿಯಾ ಕಂಪನಿಯ ಉಗ್ರಾಣದ ಮೇಲೆ ಬಿತ್ತು. ಕಂಪನಿ ತನ್ನ ಸಿಪಾಯಿಗಳಿಗಾಗಿ ಇಂಗ್ಲೆಂಡಿನಲ್ಲೇ ಮಾಡಿಸುತ್ತಿದ್ದ ಕೋವಿಯ ನಳಿಗೆ 39 ಅಂಗುಲದ್ದು. ಅದರಲ್ಲಿ ಕುಸುರಿ ಕಡಿಮೆ, ಬೆಲೆಯೂ ಕಡಿಮೆ. 'ಇಂಡಿಯಾ ಪ್ಯಾಟರ್ನ್' ಎಂದು ಕರೆಸಿಕೊಂಡ ಈ ಕೋವಿ ಹಳೆಯದಕ್ಕಿಂತ ಕೆಳದರ್ಜೆಯದು ಎಂದು ಬಲ್ಲವರು ಹೇಳುತ್ತಿದ್ದರೂ, ಬೇರೆ ದಾರಿಯಿಲ್ಲದೆ ಬ್ರಿಟಿಷ್ ಸೇನೆ ಅದನ್ನೇ ತನ್ನದಾಗಿಸಿಕೊಂಡಿತು. 1815ರಲ್ಲಿ ವಾಟರ್‌ಲೂ ಕಾಳಗದ ಹೊತ್ತಿಗೆ ಆ ಸೇನೆಯ ಕಾಲಾಳುಗಳ ಕೈಯಲ್ಲಿ ಬಹುಪಾಲು ಇದ್ದದ್ದು ಈ ಅಗ್ಗದ ಕೋವಿಯೇ.

ಅಗ್ಗವಾದದ್ದು ಹೇಗೆಂಬುದನ್ನು ಗಮನಿಸಬೇಕು. ನಳಿಗೆಯ ಉದ್ದದಲ್ಲಿ ಉಳಿಸಿದರು, ಹಿತ್ತಾಳೆಯ ಅಲಂಕಾರದಲ್ಲಿ ಉಳಿಸಿದರು. ನಳಿಗೆ ಸಿಡಿಯದೆ ತಾಳಿಕೊಳ್ಳುತ್ತದೆಯೇ ಎಂದು ನೋಡುವ ಪರೀಕ್ಷೆಯಲ್ಲಿ ಮಾತ್ರ ಉಳಿಸಲಿಲ್ಲ. ಪ್ರತಿ ನಳಿಗೆಯೂ ಆ ಪರೀಕ್ಷೆ ದಾಟಿಯೇ ಸಿಪಾಯಿಯ ಕೈಗೆ ಬರುತ್ತಿತ್ತು.

ಇನ್ನೂರು ವರ್ಷಗಳ ನಂತರ ಅದೇ ಕೋವಿಯ ಪ್ರತಿಕೃತಿಗಳು ಭಾರತದ ಕಾರ್ಖಾನೆಗಳಲ್ಲಿ ತಯಾರಾಗಿ ಅಮೆರಿಕ, ಕೆನಡಾ, ಬ್ರಿಟನ್ನಿಗೆ ಹೋಗುತ್ತಿವೆ. ಅಲ್ಲಿ ಹಳೆಯ ಯುದ್ಧಗಳನ್ನು ಬಯಲಿನಲ್ಲಿ ಮತ್ತೆ ಆಡಿ ತೋರಿಸುವ ಹವ್ಯಾಸ ದೊಡ್ಡದು. ಸಾವಿರಾರು ಮಂದಿ ಆ ಕಾಲದ ಉಡುಪು ತೊಟ್ಟು, ಆ ಕಾಲದ ಕೋವಿ ಹಿಡಿದು, ಸಾಲಾಗಿ ನಿಂತು ಈಡು ಹೊಡೆಯುತ್ತಾರೆ. ಹಳೆಯ ಕೋವಿಗಳಿಂದಲೇ ಗುರಿ ಹೊಡೆಯುವ ಸ್ಪರ್ಧಿಗಳೂ ಇದ್ದಾರೆ. ಅಸಲಿ ಕೋವಿಗಳು ವಸ್ತುಸಂಗ್ರಹಾಲಯದ ಸ್ವತ್ತು. ಅವನ್ನು ಬಯಲಿಗೆ ಒಯ್ಯುವಂತಿಲ್ಲ. ಹಾಗಾಗಿ ಪ್ರತಿಕೃತಿಗಳ ವ್ಯಾಪಾರ ಬೆಳೆಯಿತು. ಅಮೆರಿಕದ ಅಂತರ್ಯುದ್ಧಕ್ಕೆ ನೂರು ವರ್ಷ ತುಂಬಿದ 1961-65ರ ಅವಧಿಯಲ್ಲಿ ಮತ್ತು ಸ್ವಾತಂತ್ರ್ಯ ಘೋಷಣೆಗೆ ಇನ್ನೂರು ತುಂಬಿದ 1976ರಲ್ಲಿ ಬೇಡಿಕೆ ಒಮ್ಮೆಲೇ ಏರಿತು. ಇಟಲಿಯ ಬ್ರೆಶ್ಯ ಪಟ್ಟಣದ ಪಕ್ಕದ ಗಾರ್ದೋನೆ ವಾಲ್ ತ್ರೊಂಪಿಯ ಕಣಿವೆ ಶತಮಾನಗಳಿಂದ ಕೋವಿ ಮಾಡುವವರ ಊರು. 1957ರಲ್ಲಿ ಅಲ್ಲಿ ಶುರುವಾದ ಪೆದೆರ್ಸೋಲಿಯಂಥ ಕಂಪನಿಗಳು ಈ ಬೇಡಿಕೆಯ ಮೇಲೆಯೇ ಬೆಳೆದವು. ಭಾರತದ ಕೋವಿಗಳು ಈ ಪೇಟೆಗೆ ತಡವಾಗಿ ಬಂದವು. ಬಂದದ್ದು ಇಟಲಿಯ ಕೋವಿಯ ಸುಮಾರು ಅರ್ಧ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆಗೆ.

ಅಂದಿನಿಂದ ಹವ್ಯಾಸಿಗಳ ನಡುವೆ ಒಂದೇ ವಾದ ನಡೆಯುತ್ತಿದೆ: ಅರ್ಧ ಬೆಲೆಯ ಕೋವಿಯನ್ನು ನಂಬಬಹುದೇ? ಒಬ್ಬರು ನೀರಿನ ಪೈಪಿಗೆ ಮರದ ಹಿಡಿ ಕಟ್ಟಿದ್ದಾರೆ ಎನ್ನುತ್ತಾರೆ. ಇನ್ನೊಬ್ಬರು ವರ್ಷಗಟ್ಟಲೆ ಹೊಡೆದಿದ್ದೇನೆ, ಏನೂ ಆಗಿಲ್ಲ ಎನ್ನುತ್ತಾರೆ. ಎರಡೂ ಉತ್ತರಗಳನ್ನು ನಾನು ಒಪ್ಪುವುದಿಲ್ಲ. ಮೊದಲನೆಯದು ಬರೀ ಅನುಮಾನ. ಎರಡನೆಯದು ಒಂದೇ ಕೋವಿಯ ಅನುಭವ, ಪಕ್ಕದ ಪೆಟ್ಟಿಗೆಯಲ್ಲಿರುವ ಕೋವಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಉತ್ತರ ಸಿಗಬೇಕಾದರೆ ನಳಿಗೆಯ ಒಳಗೆ ಏನು ನಡೆಯುತ್ತದೆಂದು ನೋಡಬೇಕು.

ಕರಿಮದ್ದು ಮೂರು ವಸ್ತುಗಳ ಬೆರಕೆ: ಪೆಟ್ಲುಪ್ಪು ಮುಕ್ಕಾಲು ಪಾಲು, ಇದ್ದಿಲು ನೂರಕ್ಕೆ 15, ಗಂಧಕ ನೂರಕ್ಕೆ 10. ಇದ್ದಿಲು ಉರುವಲು. ಪೆಟ್ಲುಪ್ಪು ತನ್ನೊಳಗೇ ಆಮ್ಲಜನಕವನ್ನು ಹೊತ್ತು ತರುವುದರಿಂದ ಈ ಬೆರಕೆ ಮುಚ್ಚಿದ ನಳಿಗೆಯಲ್ಲೂ ಗಾಳಿಯ ಹಂಗಿಲ್ಲದೆ ಉರಿಯುತ್ತದೆ. ಗಂಧಕ ಕಡಿಮೆ ಬಿಸಿಗೇ ಬೆಂಕಿ ಹಿಡಿಯುವಂತೆ ಮಾಡುತ್ತದೆ. (ಹದಿನೆಂಟನೆಯ ಶತಮಾನದ ಬ್ರಿಟನ್ನಿಗೆ ಪೆಟ್ಲುಪ್ಪು ಬಹುಪಾಲು ಹೋಗುತ್ತಿದ್ದದ್ದು ನಮ್ಮ ಬಿಹಾರದ ಪಟ್ನಾ ಸೀಮೆಯಿಂದ. ಅಲ್ಲಿನ ಮಣ್ಣಿನಿಂದ ಅದನ್ನು ಬಸಿದು ತೆಗೆಯುತ್ತಿದ್ದವರ ದುಡಿಮೆ ಯುರೋಪಿನ ಎಷ್ಟೋ ಯುದ್ಧಗಳ ಬೆನ್ನಿಗಿದೆ.) ಮದ್ದು ಉರಿದ ಮೇಲೆ ಅದೆಲ್ಲ ಅನಿಲವಾಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್ ಮುಂತಾದ ಘನವಸ್ತುಗಳಾಗಿ ಉಳಿಯುತ್ತದೆ. ಬಯಲನ್ನು ಮುಚ್ಚುವ ಬಿಳಿ ಹೊಗೆ ಅದೇ, ನಳಿಗೆಯ ಒಳಗೆ ಅಂಟುವ ಮಸಿಯೂ ಅದೇ. ಗುಂಡನ್ನು ತಳ್ಳುವ ಕೆಲಸಕ್ಕೆ ಒದಗುವುದು ಉಳಿದ ಅರೆಪಾಲಿನಷ್ಟು ಅನಿಲ.

ಆ ಅನಿಲ ಎಷ್ಟು ಬಲವಾಗಿ ತಳ್ಳುತ್ತದೆ? ಈ ಪ್ರಶ್ನೆಗೆ ಮೊದಲ ಬಾರಿ ಅಳತೆಯ ಉತ್ತರ ಕೊಟ್ಟವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ಒಂದು ಸರಳ ಉಪಾಯವನ್ನು ವಿವರಿಸಿದ. ಭಾರವಾದ ಮರದ ದಿಮ್ಮಿಯನ್ನು ಲೋಲಕದಂತೆ ತೂಗುಬಿಟ್ಟು ಅದಕ್ಕೆ ಗುಂಡು ಹೊಡೆಯುವುದು. ಗುಂಡು ನಾಟಿದ ದಿಮ್ಮಿ ಎಷ್ಟು ದೂರ ತೂಗಿತೆಂದು ಅಳೆದರೆ, ಎರಡರ ತೂಕವೂ ಗೊತ್ತಿರುವುದರಿಂದ, ಗುಂಡಿನ ವೇಗ ಲೆಕ್ಕಕ್ಕೆ ಸಿಗುತ್ತದೆ. ಆ ಕಾಲದ ಜನ ಊಹಿಸಿದ್ದಕ್ಕಿಂತ ಹೆಚ್ಚಿನ ವೇಗ ಸಿಕ್ಕಿತು: ಸೆಕೆಂಡಿಗೆ ಸುಮಾರು 500 ಮೀಟರ್, ಅಂದರೆ ಶಬ್ದಕ್ಕಿಂತ ವೇಗ. ಈ ಪುಸ್ತಕವನ್ನು ಲಿಯೊನಾರ್ಡ್ ಆಯ್ಲರ್‌ನಂಥ ಮಹಾಗಣಿತಜ್ಞ ತನ್ನ ಟಿಪ್ಪಣಿಗಳ ಸಮೇತ ಜರ್ಮನ್ ಭಾಷೆಗೆ ತಂದ. ಕೋವಿಯ ಮಾತು ಕಸುಬುದಾರರ ಅಂದಾಜಿನಿಂದ ವಿಜ್ಞಾನದ ಲೆಕ್ಕಕ್ಕೆ ದಾಟಿದ್ದು ಇಲ್ಲಿ.

ಗುಂಡಿಗೆ ಅಂಥ ವೇಗ ಬರಬೇಕಾದರೆ ನಳಿಗೆಯ ಬುಡದಲ್ಲಿ ಕ್ಷಣಮಾತ್ರಕ್ಕೆ ವಾಯುಭಾರದ 500ರಿಂದ 700 ಪಟ್ಟು ಒತ್ತಡ ಏಳಬೇಕು. ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವಾಗ ಒಳಗಿರುವುದು ಸುಮಾರು ಎರಡು ಪಟ್ಟು. ಹೋಲಿಸಿದರೆ ಕೋವಿಯ ಒತ್ತಡ ಭಯಂಕರ. ಆದರೆ ಹೊಗೆರಹಿತ ಮದ್ದು ಬಳಸುವ ಇಂದಿನ ರೈಫಲ್ಲಿನ ಒತ್ತಡ 3,500 ಪಟ್ಟನ್ನೂ ಮೀರುತ್ತದೆ. ಆ ಲೆಕ್ಕದಲ್ಲಿ ಹಳೆಯ ಕೋವಿ ಸೌಮ್ಯ ಯಂತ್ರ. ಗುಂಡು ನಳಿಗೆಗೆ ಬಿಗಿಯಾಗಿ ಕೂರುವುದಿಲ್ಲ ಎಂಬುದೂ ಇದಕ್ಕೆ ಕಾರಣ. ಬ್ರಿಟಿಷ್ ಕೋವಿಯ ನಳಿಗೆಯ ಒಳವ್ಯಾಸ ಸುಮಾರು 19 ಮಿಲಿಮೀಟರ್, ಗುಂಡಿನದು 17.5. ಹತ್ತಾರು ಈಡು ಹೊಡೆದು ಮಸಿ ಕಟ್ಟಿದ ಮೇಲೂ ಸೈನಿಕ ಬೇಗ ಗುಂಡು ತುಂಬಬೇಕು, ಅದಕ್ಕಾಗಿ ಬಿಟ್ಟ ಸಡಿಲ ಅದು. ಆ ಸಂದಿಯಿಂದ ಅನಿಲ ಸೋರಿ ಗುರಿ ಕೆಡುತ್ತದೆ, ಜೊತೆಗೆ ಒತ್ತಡವೂ ತಗ್ಗುತ್ತದೆ.

ಈಗ ಲೋಹದ ಲೆಕ್ಕ. ಕೊಳವೆಯೊಳಗೆ ಒತ್ತಡ ಎದ್ದಾಗ ಅದರ ಗೋಡೆ ಸುತ್ತಳತೆಯ ದಿಕ್ಕಿನಲ್ಲಿ ಹಿಗ್ಗಲು ನೋಡುತ್ತದೆ, ಲೋಹ ಎಳೆತಕ್ಕೆ ಸಿಕ್ಕುತ್ತದೆ. ಎಳೆತ ಒಂದು ಮಿತಿ ದಾಟಿದರೆ ಲೋಹ ಹಿಗ್ಗಿದಲ್ಲೇ ಉಳಿಯುತ್ತದೆ, ಇನ್ನೂ ಹೆಚ್ಚಾದರೆ ಉದ್ದಕ್ಕೆ ಸೀಳುತ್ತದೆ. ಗೋಡೆ ದಪ್ಪವಿದ್ದಾಗ ಈ ಎಳೆತವನ್ನು ಲೆಕ್ಕ ಹಾಕುವ ಸೂತ್ರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಗೇಬ್ರಿಯಲ್ ಲಾಮೆ ಕೊಟ್ಟಿದ್ದಾನೆ. ಕೋವಿಯ ಬುಡದ ಹೊರವ್ಯಾಸ 35 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ, ಆಗ ಗೋಡೆ 8 ಮಿಲಿಮೀಟರ್ ದಪ್ಪ. ಒಳಗಿನ ಒತ್ತಡ 70 ಮೆಗಾಪ್ಯಾಸ್ಕಲ್, ಅಂದರೆ ವಾಯುಭಾರದ ಸುಮಾರು 700 ಪಟ್ಟು. ಲಾಮೆಯ ಸೂತ್ರದ ಪ್ರಕಾರ ನಳಿಗೆಯ ಒಳಮೈ ಮೇಲಿನ ಎಳೆತ 130 ಮೆಗಾಪ್ಯಾಸ್ಕಲ್‌ನ ಆಸುಪಾಸು. ಕಟ್ಟಡದ ಗ್ರಿಲ್ಲು, ಗೇಟುಗಳಿಗೆ ಬಳಸುವ ಮೆದು ಉಕ್ಕು ಸೋಲಲು ಶುರುವಾಗುವುದು 250ರ ಸುಮಾರಿಗೆ. ಅಂದರೆ ಗುಂಡು, ಮದ್ದು ಸರಿಯಾಗಿದ್ದರೆ ಸಾಧಾರಣ ಉಕ್ಕಿನ ಒಳ್ಳೆಯ ಕೊಳವೆಯೂ ಅರ್ಧದಷ್ಟು ಬಲವನ್ನು ಕೈಯಲ್ಲಿ ಉಳಿಸಿಕೊಂಡೇ ಈ ಕೆಲಸ ಮಾಡಬಲ್ಲದು.

'ನೀರಿನ ಪೈಪು' ಎಂಬ ಆಪಾದನೆ ಇಲ್ಲಿಗೆ ಮೆತ್ತಗಾಗಬೇಕು. ಹದಿನೆಂಟನೆಯ ಶತಮಾನದ ಅಸಲಿ ನಳಿಗೆ ಎರಕದ್ದೂ ಅಲ್ಲ, ಗಟ್ಟಿ ಸರಳನ್ನು ಕೊರೆದು ಮಾಡಿದ್ದೂ ಅಲ್ಲ. ಮೆದುಕಬ್ಬಿಣದ ಉದ್ದ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಸರಳಿನ ಸುತ್ತ ಮಡಿಚಿ, ಅಂಚಿನ ಮೇಲೆ ಅಂಚು ಕೂರಿಸಿ ಸುತ್ತಿಗೆಯಿಂದ ಬಡಿದು ಬೆಸೆಯುತ್ತಿದ್ದರು, ಆಮೇಲೆ ಒಳಗನ್ನು ಕೊರೆದು ನುಣುಪು ಮಾಡುತ್ತಿದ್ದರು. ನಳಿಗೆಯ ಉದ್ದಕ್ಕೂ ಒಂದು ಬೆಸುಗೆಗೆರೆ, ಅದರೊಳಗೆ ಎಲ್ಲೋ ಸಿಕ್ಕಿಕೊಂಡ ಕಿಟ್ಟ. ಇಂದಿನ ಭಾರತೀಯ ಪ್ರತಿಕೃತಿಗಳಿಗೆ ಬಳಸುವುದು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಎಳೆದು ತೆಗೆದ ಉಕ್ಕಿನ ಕೊಳವೆ. ಬೆಸುಗೆಗೆರೆಯೇ ಇಲ್ಲದ ಕೊಳವೆಯಾದರೆ ಅದು ಲೋಹವಾಗಿ ಅಸಲಿಗಿಂತ ಎಷ್ಟೋ ಮೇಲು. ಬೆಸೆದು, ನಂತರ ಸರಳಿನ ಮೇಲೆ ತಣ್ಣಗೆ ಎಳೆದ ಕೊಳವೆಯೂ ಈ ಒತ್ತಡಕ್ಕೆ ಸಾಲುತ್ತದೆ. ತೊಂದರೆ ಇರುವುದು ಬೆಸೆದು ಹಾಗೇ ಬಿಟ್ಟ ಮಾಮೂಲಿ ಕೊಳವೆಯಲ್ಲಿ. ಹೊರಗೆ ಹೊಳಪು ಕೊಟ್ಟ ಮೇಲೆ ಈ ಮೂರನ್ನೂ ಕಣ್ಣಿನಿಂದ ಬೇರ್ಪಡಿಸಲು ಯಾರಿಂದಲೂ ಆಗದು.

ಹಾಗಾದರೆ ಕೋವಿಗಳು ಸಿಡಿಯುವುದೇಕೆ? ಬುಡದ ಲೆಕ್ಕವನ್ನು ಮೂತಿಯ ಹತ್ತಿರ ಹಾಕಿ ನೋಡಿದರೆ ಗೊತ್ತಾಗುತ್ತದೆ. ಕೋವಿ ಹೊರಲು ಹಗುರಾಗಬೇಕೆಂದು ನಳಿಗೆಯ ಗೋಡೆಯನ್ನು ಮುಂದೆ ಹೋದಂತೆ ತೆಳುಗೊಳಿಸಿರುತ್ತಾರೆ. ಮೂತಿಯಲ್ಲಿ ಅದು ಎರಡು ಮಿಲಿಮೀಟರಿಗಿಂತಲೂ ಕಡಿಮೆ. ಅಲ್ಲಿ ಲೋಹದ ಎಳೆತ ಒಳಗಿನ ಒತ್ತಡದ ಐದಾರು ಪಟ್ಟು. ಮಾಮೂಲಿ ಈಡಿನಲ್ಲಿ ಇದರಿಂದ ಅಪಾಯವಿಲ್ಲ. ಗುಂಡು ಮೂತಿ ತಲಪುವ ಹೊತ್ತಿಗೆ ಅನಿಲ ಇಡೀ ನಳಿಗೆಯಲ್ಲಿ ಹರಡಿ ಅದರ ಒತ್ತಡ ಬಹಳ ಇಳಿದಿರುತ್ತದೆ. ಆದರೆ ಗುಂಡನ್ನು ಮದ್ದಿಗೆ ತಾಗುವವರೆಗೆ ಗಜದಿಂದ, ಅಂದರೆ ಈಡು ಜಡಿಯುವ ಸರಳಿನಿಂದ, ಜಡಿಯದೆ ನಡುವೆ ಬಿಟ್ಟರೆ, ಅಥವಾ ಮೂತಿಯಲ್ಲಿ ಮಣ್ಣು ಸಿಕ್ಕಿಕೊಂಡಿದ್ದರೆ ಕಥೆಯೇ ಬೇರೆ. ಮದ್ದು ಹೊತ್ತಿ ಎದ್ದ ಅನಿಲ ಖಾಲಿ ಜಾಗದಲ್ಲಿ ವೇಗ ಪಡೆದು, ಕದಲದೆ ಕೂತಿರುವ ಗುಂಡಿಗೆ ಬಡಿಯುತ್ತದೆ. ಓಟವೆಲ್ಲ ಅದೇ ಜಾಗದಲ್ಲಿ ಒತ್ತಡವಾಗಿ ಬದಲಾಗುತ್ತದೆ. ತೆಳುವಾದ ಗೋಡೆ ಅದನ್ನು ತಡೆಯದು. ಇಂಥ ಅಪಘಾತದ ನಳಿಗೆಗಳಲ್ಲಿ ಗುಂಡು ನಿಂತಿದ್ದ ಜಾಗದಲ್ಲೇ ಬಳೆಯಂತೆ ಉಬ್ಬು ಬಂದಿರುತ್ತದೆ ಅಥವಾ ಅಲ್ಲಿಂದಲೇ ಸೀಳಿರುತ್ತದೆ. ಈ ತಪ್ಪಿಗೆ ದುಬಾರಿ ನಳಿಗೆಯೂ ಅಗ್ಗದ ನಳಿಗೆಯೂ ಒಂದೇ ರೀತಿ ಬಲಿಯಾಗುತ್ತವೆ.

ಎರಡನೆಯ ಕಾರಣ ಇನ್ನೂ ಭೀಕರವಾದದ್ದು. ಕರಿಮದ್ದಿನ ಬದಲು ಯಾರೋ ತೋಟಾ ಬಿಚ್ಚಿ ಹೊಗೆರಹಿತ ಮದ್ದನ್ನು ನಳಿಗೆಗೆ ಸುರಿಯುತ್ತಾರೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ರೂಪಿಸಿದ ಈ ಬಗೆಯ ಮದ್ದಿಗೆ ಒಂದು ಗುಣವಿದೆ: ಸುತ್ತಲಿನ ಒತ್ತಡ ಏರಿದಂತೆಲ್ಲ ಅದರ ಉರಿಯೂ ಚುರುಕಾಗುತ್ತದೆ, ಉರಿ ಚುರುಕಾದಂತೆ ಒತ್ತಡ ಮತ್ತೆ ಏರುತ್ತದೆ. ಕರಿಮದ್ದಿನ ಉರಿ ಒತ್ತಡವನ್ನು ಅಷ್ಟಾಗಿ ಅವಲಂಬಿಸಿಲ್ಲ, ಆದ್ದರಿಂದ ಅದರ ಆಟಕ್ಕೊಂದು ಮಿತಿಯಿದೆ. ಹಳೆಯ ಮಾದರಿಯ ಕೋವಿಗೆ ಹೊಗೆರಹಿತ ಮದ್ದು ಹಾಕುವುದು ಪ್ರಾಣದ ಮೇಲೆ ಬರುವ ಕೆಲಸ. ಅಳತೆ ಕಡಿಮೆ ಮಾಡಿದರೆ ಪರವಾಗಿಲ್ಲ ಎನ್ನುವವರ ಮಾತನ್ನು ಕೇಳಲೇಬಾರದು.

ಈ ಎರಡನ್ನೂ ಬದಿಗಿಟ್ಟರೆ ಉಳಿಯುವುದು ನಳಿಗೆಯದೇ ದೋಷ. ಅದರಲ್ಲಿ ನಾನು ಎಲ್ಲಕ್ಕಿಂತ ಮೊದಲು ಅನುಮಾನದಿಂದ ನೋಡುವುದು ಬುಡದ ಬಿರಡೆಯನ್ನು. ನಳಿಗೆ ಎರಡೂ ಕಡೆ ತೆರೆದ ಕೊಳವೆ. ಹಿಂಬದಿಯನ್ನು ತಿರುಪಿನ ಬಿರಡೆಯಿಂದ ಮುಚ್ಚಿರುತ್ತಾರೆ. ಈಡಿನ ಹಿಮ್ಮುಖ ಬಲವನ್ನೆಲ್ಲ ತಡೆಯುವುದು ಆ ತಿರುಪಿನ ಎಳೆಗಳು, ಅದರ ಹಿಂದೆ ಇರುವುದು ಹೊಡೆಯುವವರ ಮುಖ. ಎಳೆಗಳು ಆಳವಾಗಿ, ಒಂದಕ್ಕೊಂದು ಕಚ್ಚಿ ಕೂರಬೇಕು. ಬಿರಡೆಯ ಮುಖ ನಳಿಗೆಯ ಒಳಗಿನ ಮೆಟ್ಟಿಲಿಗೆ ಒಂದಿಷ್ಟೂ ಸಂದಿಯಿಲ್ಲದೆ ಒತ್ತಬೇಕು. ಸಂದಿ ಉಳಿದರೆ ಮಸಿ ಅಲ್ಲಿ ಸೇರಿಕೊಳ್ಳುತ್ತದೆ. ಮಸಿಯಲ್ಲಿರುವ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವವನ್ನು ಹೀರಿ ಉಕ್ಕನ್ನು ಒಳಗಿಂದೊಳಗೇ ತಿನ್ನುತ್ತವೆ. ಹೊಡೆದ ದಿನವೇ ಬಿಸಿನೀರು, ಸಾಬೂನು ಹಾಕಿ ತೊಳೆದು, ಒರೆಸಿ, ಎಣ್ಣೆ ಸವರಿದರೂ ಆ ಸಂದಿಗೆ ನೀರೂ ಹೋಗದು, ಎಣ್ಣೆಯೂ ಹೋಗದು. ಇಂಥ ಬಿರಡೆ ಹತ್ತು ವರ್ಷ ಗಟ್ಟಿಯಾಗಿದ್ದು ಹನ್ನೊಂದನೆಯ ವರ್ಷ ಕೈಕೊಡಬಹುದು. ಇದು ಕೆಲಸಗಾರನ ಕೈಚಳಕಕ್ಕೂ ಅವನಿಗೆ ಕೊಟ್ಟ ಸಮಯಕ್ಕೂ ಸಂಬಂಧಪಟ್ಟದ್ದು. ಬೆಲೆ ಇಳಿಸಿದಾಗ ಮೊದಲು ಕಡಿತವಾಗುವುದು ಆ ಸಮಯವೇ.

ನಳಿಗೆ, ಬೆಸುಗೆ, ಬಿರಡೆ, ಈ ಯಾವುದೂ ಹೊರಗಿನಿಂದ ಕಾಣುವುದಿಲ್ಲ. ಈ ಕಷ್ಟ ಹಳೆಯದೇ. ಇದಕ್ಕೆ ಯುರೋಪಿನ ಕೋವಿ ಕಸುಬು ಕಂಡುಕೊಂಡ ಪರಿಹಾರಕ್ಕೆ ಪ್ರೂಫ್ ಎಂದು ಹೆಸರು. ಲಂಡನ್ನಿನ ಕೋವಿ ಕಸುಬುದಾರರ ಸಂಘಕ್ಕೆ 1637ರಲ್ಲಿ ರಾಜಸನ್ನದು ಸಿಕ್ಕಿ, ನಗರದಲ್ಲಿ ಮಾರುವ ನಳಿಗೆಗಳನ್ನು ಪರೀಕ್ಷಿಸುವ ಅಧಿಕಾರ ಬಂತು. 1813ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಬರ್ಮಿಂಗ್‌ಹ್ಯಾಮಿನಲ್ಲೂ ಪ್ರೂಫ್ ಹೌಸ್ ಬಂತು. ಅಲ್ಲಿ ಮಾಡುವುದು ಇಷ್ಟೇ: ಬಳಕೆಯಲ್ಲಿ ಹಾಕುವುದಕ್ಕಿಂತ ಗಣನೀಯವಾಗಿ ಹೆಚ್ಚು ಮದ್ದು ತುಂಬಿ, ಜನರಿಲ್ಲದ ಕೋಣೆಯಲ್ಲಿ ಹೊಡೆದು, ನಳಿಗೆ ಎಲ್ಲಾದರೂ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ ಎಂದು ನುರಿತವರು ಅಳೆದು ನೋಡುತ್ತಾರೆ. ದಾಟಿದ್ದಕ್ಕೆ ಮುದ್ರೆ, ಸೋತದ್ದು ಗುಜರಿಗೆ. ಬ್ರಿಟನ್ನಿನಲ್ಲಿ ಮುದ್ರೆಯಿಲ್ಲದ ಕೋವಿಯನ್ನು ಮಾರುವುದು ಇಂದಿಗೂ ಅಪರಾಧ. ಇಟಲಿಯ ಗಾರ್ದೋನೆಯಲ್ಲಿ ಸರ್ಕಾರಿ ಮಾನ್ಯತೆಯ ಪ್ರೂಫ್ ಸಂಸ್ಥೆಯಿದೆ. ಅಲ್ಲಿ ತಯಾರಾದ ಪ್ರತಿಕೃತಿ ಅದರ ಮುದ್ರೆ ಹೊತ್ತೇ ಹೊರಡುತ್ತದೆ. ಅಮೆರಿಕದಲ್ಲಿ ಇಂಥ ಕಾನೂನಿಲ್ಲ. ಅದರ ಮೇಲೆ, 1968ರ ಕೋವಿ ನಿಯಂತ್ರಣ ಕಾಯಿದೆ ಇಂಥ ಚಕಮಕಿ ಕೋವಿಗಳ ಪ್ರತಿಕೃತಿಯನ್ನು ಪುರಾತನ ಆಯುಧವೆಂದೇ ಎಣಿಸುವುದರಿಂದ ಅದನ್ನು ಅಂಚೆಯಲ್ಲೂ ತರಿಸಿಕೊಳ್ಳಬಹುದು.

ಅರ್ಧ ಬೆಲೆಯ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಕೂಲಿ ಅಗ್ಗ ಎಂಬುದು ನಿಜ, ಮರ ಅಗ್ಗ ಎಂಬುದೂ ನಿಜ. ಆದರೆ ದುಬಾರಿ ಕೋವಿಯ ಬೆಲೆಯಲ್ಲಿ ಸೇರಿರುವ, ಅಗ್ಗದ ಕೋವಿಯಲ್ಲಿ ಸೇರಿರದ ಮುಖ್ಯ ಸಂಗತಿ ಖಚಿತತೆ. ಭಾರತದ ಕೋವಿ ದುರ್ಬಲ ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಲೆಕ್ಕ ಹೇಳುವುದು ಅದು ಗಟ್ಟಿಯಿರಲು ಸಾಕಷ್ಟು ಅವಕಾಶವಿದೆ ಎಂದು. ಆದರೆ ಕೊಂಡವರ ಕೈಯಲ್ಲಿರುವ ಆ ಒಂದು ಕೋವಿ ಗಟ್ಟಿ ಎಂದು ಯಾರೂ ಪರೀಕ್ಷಿಸಿ ಹೇಳಿಲ್ಲ. ಅದೇ ಕೋವಿ ಬ್ರಿಟನ್ನಿನಲ್ಲಿ ಹೊಡೆಯುವುದಕ್ಕೆಂದು ಮಾರಾಟವಾಗಬೇಕಾದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ ಹೊಕ್ಕು ಬರಬೇಕು. ಹಾಗೆ ಮುದ್ರೆ ಪಡೆದ ಅಗ್ಗದ ಕೋವಿಯನ್ನು ನಾನು ಮುದ್ರೆಯಿಲ್ಲದ ದುಬಾರಿ ಕೋವಿಗಿಂತ ಹೆಚ್ಚು ನಂಬುತ್ತೇನೆ.

ಮುದ್ರೆ ಸಿಗದ ಕಡೆ ಕೆಲವರು ತಾವೇ ಪರೀಕ್ಷೆ ಮಾಡುತ್ತಾರೆ. ಕೋವಿಯನ್ನು ಹಳೆಯ ಟೈರಿಗೆ ಬಿಗಿದು, ದುಪ್ಪಟ್ಟು ಮದ್ದು ಹಾಕಿ, ದೂರದಿಂದ ದಾರ ಎಳೆದು ಹೊಡೆಯುತ್ತಾರೆ. ಸಿಡಿಯದಿದ್ದರೆ ಸಂತೋಷ. ಇದು ಅರ್ಧ ಪರೀಕ್ಷೆ ಮಾತ್ರ, ಅರ್ಧ ಪರೀಕ್ಷೆ ಕೆಲವೊಮ್ಮೆ ಪರೀಕ್ಷೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಹೆಚ್ಚಿನ ಮದ್ದು ಲೋಹದಲ್ಲಿ ಕೂದಲೆಳೆಯ ಬಿರುಕನ್ನು ಎಬ್ಬಿಸಿ ಬಿಟ್ಟಿರಬಹುದು, ಅದು ಮುಂದಿನ ಒಂದೊಂದೇ ಈಡಿಗೆ ಬೆಳೆಯುತ್ತದೆ. ಪ್ರೂಫ್ ಹೌಸಿನಲ್ಲಿ ಹೊಡೆಯುವುದು ಸುಲಭದ ಭಾಗ. ಹೊಡೆಯುವ ಮೊದಲು ಮತ್ತು ನಂತರ ಅಳೆಯುವುದು, ಒಳಮೈ ನೋಡುವುದು ನಿಜವಾದ ಕೆಲಸ.

ಇನ್ನೊಂದು ಸಂಗತಿ ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಭಾರತದಿಂದ ಹೋಗುವ ಈ ಕೋವಿಗಳು ಎಷ್ಟೋ ಸಲ ಕಿಡಿತೂತು ಇಲ್ಲದೆಯೇ ಹೋಗುತ್ತವೆ. ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನಲ್ಲಿ ಹೊತ್ತಿದ ಮದ್ದಿನ ಉರಿ ನಳಿಗೆಯ ಒಳಕ್ಕೆ ನುಗ್ಗುವ ಒಂದೂವರೆ-ಎರಡು ಮಿಲಿಮೀಟರಿನ ತೂತು ಅದು. ತೂತಿಲ್ಲದಿದ್ದರೆ ಹೊಡೆಯಲು ಬರುವುದಿಲ್ಲ, ಹಾಗಾಗಿ ಸಾಗಣೆಯ ಕಾಗದಪತ್ರಗಳಲ್ಲಿ ಅದು ಗೋಡೆಗೆ ತೂಗುಹಾಕುವ ಅಲಂಕಾರದ ವಸ್ತು. ತಲಪಿದ ಮೇಲೆ ಮಾರುವವರೋ ಕೊಂಡವರೋ ತೂತು ಕೊರೆಯುತ್ತಾರೆ. ಅದನ್ನು ಬಟ್ಟಲಿನ ಮಟ್ಟಕ್ಕೆ ಸರಿಯಾಗಿ, ಬಿರಡೆಯ ಮುಖಕ್ಕಿಂತ ತುಸು ಮುಂದೆ ಕೊರೆಯಬೇಕು. ಒಂದೆರಡು ಮಿಲಿಮೀಟರು ಹಿಂದೆ ಸರಿದರೆ ತೂತು ಬಿರಡೆಯ ಎಳೆಗಳ ಮೇಲೆ ಬಿದ್ದು ಅವನ್ನು ದುರ್ಬಲಗೊಳಿಸುತ್ತದೆ, ಉರಿಯೂ ಮದ್ದನ್ನು ತಲಪಲು ತಡವರಿಸುತ್ತದೆ. ತಯಾರಿಸಿದವರು ಒಬ್ಬರು, ಹೊಡೆಯಲು ಯೋಗ್ಯವಾಗಿಸಿದವರು ಇನ್ನೊಬ್ಬರು ಎಂದಾಗ ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅಗ್ಗದ ಕೋವಿಯ ವ್ಯಾಪಾರದಲ್ಲಿ ನನಗೆ ಅತ್ಯಂತ ಕಳವಳ ತರುವ ಅಂಶ ಇದು.

ಸಿಡಿಯುವ ನಳಿಗೆ ಎಲ್ಲರ ಗಮನ ಸೆಳೆಯುತ್ತದೆ. ಆದರೆ ಅಗ್ಗದ ಕೋವಿ ದಿನನಿತ್ಯ ಕೈಕೊಡುವುದು ಅದರ ಪಕ್ಕಕ್ಕೆ ಕೂರಿಸಿದ ಯಂತ್ರದಲ್ಲಿ. ಚಕಮಕಿ ಕಲ್ಲು ಹಿಡಿದ ಕುದುರೆ ಮುಂದಕ್ಕೆ ಹಾರಿ ಉಕ್ಕಿನ ಫಲಕವನ್ನು ಕೆರೆಯುತ್ತದೆ. ಕಿಡಿ ಕಲ್ಲಿನಿಂದ ಬರುತ್ತದೆಂದು ಅನೇಕರು ತಿಳಿದಿದ್ದಾರೆ. ಕಿಡಿಯೆಂದರೆ ಕಲ್ಲಿನ ಅಂಚು ಕೆರೆದು ತೆಗೆದ ಉಕ್ಕಿನ ಸಣ್ಣ ಚೂರು, ಕೆರೆತದ ಬಿಸಿಗೇ ಗಾಳಿಯಲ್ಲಿ ಹೊತ್ತಿ ಉರಿಯುವ ಚೂರು. ಫಲಕ ಮೆದುವಾಗಿದ್ದರೆ ಕಲ್ಲು ಅದರಲ್ಲಿ ಗೀರು ಎಳೆಯುತ್ತದೆಯೇ ಹೊರತು ಚೂರು ಹಾರಿಸುವುದಿಲ್ಲ. ಅದು ಗಡಸಾಗಬೇಕು, ಗಡಸಾಗಲು ಇಂಗಾಲ ಬೇಕು. ಹಿಂದಿನವರು ಮೆದುಕಬ್ಬಿಣದ ಫಲಕವನ್ನು ಎಲುಬಿನ ಇದ್ದಿಲಿನಲ್ಲಿ ಹುದುಗಿಸಿ, ಗಂಟೆಗಟ್ಟಲೆ ಕೆಂಪಗೆ ಕಾಯಿಸಿ, ಇಂಗಾಲ ಮೇಲ್ಮೈಯೊಳಗೆ ಇಳಿದ ಮೇಲೆ ನೀರಿಗೆ ಹಾಕುತ್ತಿದ್ದರು. ಗಂಟೆ ಕಡಿಮೆಯಾದರೆ ಗಡಸು ಪದರ ತೆಳುವಾಗುತ್ತದೆ. ಮೊದಲ ದಿನ ಧಾರಾಳವಾಗಿ ಕಿಡಿ ಉದುರಿಸಿದ ಫಲಕ ಪದರ ಸವೆದ ಮೇಲೆ ಮೂಕವಾಗುತ್ತದೆ. ಕೊಂಡವರು ಸಿಟ್ಟಾಗುವುದು ಬಹುತೇಕ ಇದಕ್ಕೇ.

ಕಿಡಿ ಬಾರದಿದ್ದರೆ ಕೋವಿ ಸುಮ್ಮನಿರುತ್ತದೆ, ಪ್ರಾಣಕ್ಕೆ ಅಪಾಯವಿಲ್ಲ. ಅದೇ ಗಡಸುತನದ ಕೊರತೆ ಯಂತ್ರದ ಒಳಭಾಗದಲ್ಲಿದ್ದರೆ ಅಪಾಯವಿದೆ. ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿದಾಗ ಅದನ್ನು ಹಿಡಿದಿಡುವುದು ಒಳಗಿನ ಚಕ್ರದ ಒಂದು ಆಳವಾದ ಕಚ್ಚು. ಮದ್ದು ತುಂಬುವಾಗ, ಸಾಲಿನಲ್ಲಿ ನಡೆಯುವಾಗ ಇಡೀ ಭದ್ರತೆ ಆ ಕಚ್ಚಿನ ಮೇಲೆ ನಿಂತಿದೆ. ಉಕ್ಕು ಮೆದುವಾದರೆ ಅದರ ಅಂಚು ದುಂಡಾಗಿ ಒಂದು ದಿನ ಕುದುರೆ ತಾನಾಗಿ ಜಾರುತ್ತದೆ. ಖಾಲಿ ಕೋವಿಯಲ್ಲಿ ಇದನ್ನು ಯಾರು ಬೇಕಾದರೂ ನೋಡಬಹುದು: ಕುದುರೆಯನ್ನು ಅರ್ಧ ಎಳೆದು ಟ್ರಿಗರನ್ನು ಗಟ್ಟಿಯಾಗಿ ಒತ್ತಿದರೆ ಅದು ಕದಲಕೂಡದು. ಕದಲಿದರೆ ಆ ಕೋವಿಗೆ ಮದ್ದು ಹಾಕಬಾರದು, ನಳಿಗೆಗೆ ಎಂಥ ಮುದ್ರೆ ಇದ್ದರೂ ಸರಿ. ಒಳ್ಳೆಯ ಸುದ್ದಿಯೆಂದರೆ ಈ ದೋಷಗಳು ರಿಪೇರಿಗೆ ಬಗ್ಗುತ್ತವೆ. ಕಸುಬು ಬಲ್ಲವರ ಕೈಗೆ ಕೊಟ್ಟರೆ ಫಲಕವನ್ನು ಮತ್ತೆ ಗಡಸು ಮಾಡುತ್ತಾರೆ, ಕಚ್ಚನ್ನು ಚೂಪು ಮಾಡುತ್ತಾರೆ, ಸ್ಪ್ರಿಂಗನ್ನು ಹದಕ್ಕೆ ತರುತ್ತಾರೆ. ಅದರ ಖರ್ಚನ್ನು ಕೊಳ್ಳುವ ದಿನವೇ ಬೆಲೆಗೆ ಸೇರಿಸಿ ನೋಡಬೇಕು. ಸೇರಿಸಿದಾಗ ಅರ್ಧ ಬೆಲೆ ಮುಕ್ಕಾಲಾಗುವುದುಂಟು.

ಹಾಗಿದ್ದೂ ಈ ಕೋವಿಗಳಿಗೆ ತಮ್ಮದೇ ಬೆಲೆಯಿದೆ ಎಂದು ನಾನು ಒತ್ತಿ ಹೇಳುತ್ತೇನೆ. ಯುದ್ಧದ ಮರುಪ್ರದರ್ಶನದಲ್ಲಿ ಗುಂಡು ಹಾಕುವುದಿಲ್ಲ, ಮದ್ದು ಮಾತ್ರ. ಮುಂದೆ ಗುಂಡಿನ ತಡೆಯಿಲ್ಲದಿದ್ದರೆ ಅನಿಲ ಮೂತಿಯಿಂದ ಹೊರಬೀಳುತ್ತದೆ, ಒತ್ತಡ ಗುಂಡಿನ ಈಡಿನಷ್ಟು ಏರುವುದಿಲ್ಲ. ಮೆದು ಉಕ್ಕಿನ ನಳಿಗೆಗೆ ಅದು ಲೆಕ್ಕಕ್ಕಿಲ್ಲ. ಅಲ್ಲಿನ ಅಪಾಯಗಳು ಬೇರೆ. ಕಿಡಿತೂತಿನಿಂದ ಪಕ್ಕಕ್ಕೆ ಚಿಮ್ಮುವ ಉರಿ ಪಕ್ಕದವರ ಕೆನ್ನೆ ಸುಡಬಹುದು, ಅದಕ್ಕೆ ಹಿತ್ತಾಳೆಯ ತಡೆ ಹಾಕುತ್ತಾರೆ. ಅವಸರದಲ್ಲಿ ನಳಿಗೆಯಲ್ಲೇ ಮರೆತ ಗಜ ಬಾಣವಾಗಿ ಹಾರಬಹುದು, ಹಾಗಾಗಿ ಅನೇಕ ಪ್ರದರ್ಶನಗಳಲ್ಲಿ ಗಜ ತೆಗೆಯುವುದನ್ನೇ ನಿಷೇಧಿಸುತ್ತಾರೆ. ಎರಡೂ ಕೋವಿಯ ಬೆಲೆಗೆ ಸಂಬಂಧಪಟ್ಟವಲ್ಲ. ಪ್ರತಿವಾರ ಗುಂಡು ಹಾಕಿ ಗುರಿ ಹೊಡೆಯುವವರಿಗೆ ಮಾತ್ರ ನಾನು ಮುದ್ರೆಯಿರುವ ನಳಿಗೆಯನ್ನೇ ಹೇಳುತ್ತೇನೆ, ದುಡ್ಡು ಕೂಡಿಡಲು ಎರಡು ವರ್ಷ ಹಿಡಿದರೂ ಚಿಂತೆಯಿಲ್ಲ.

ಇನ್ನೊಂದು ಬೆಲೆ ಇತಿಹಾಸದ್ದು. ಇಟಲಿಯ ಕಂಪನಿಗಳು ಹೆಚ್ಚು ಮಾರಾಟವಾಗುವ ಕೆಲವೇ ಮಾದರಿಗಳನ್ನು ಮಾಡುತ್ತವೆ. ಭಾರತದ ಕಾರ್ಖಾನೆಗಳು ಕೈಕೆಲಸದ ಮೇಲೆ ನಡೆಯುವುದರಿಂದ ಹದಿನೇಳನೆಯ ಶತಮಾನದ ಕೋವಿ, 46 ಅಂಗುಲದ ಆರಂಭದ ಬ್ರಿಟಿಷ್ ಕೋವಿ, ಹಡಗಿನ ಕೋವಿ, 1717ರ ಫ್ರೆಂಚ್ ಮಾದರಿ, ಹೀಗೆ ಬೇರೆ ಯಾರೂ ಮುಟ್ಟದ ಮಾದರಿಗಳನ್ನು ಮಾಡಿಕೊಡುತ್ತವೆ. ಅಕ್ರೋಡು ಮರದ ಬದಲು ತೇಗ, ಬೀಟೆ ಜಾತಿಯ ಮರ, ಹಿಡಿ ಅಸಲಿಗಿಂತ ದಪ್ಪ, ಕೆತ್ತನೆ ಒರಟು. ಮರುಮಾರಾಟದಲ್ಲಿ ಇಟಲಿಯ ಕೋವಿಯಷ್ಟು ಹಣ ಹುಟ್ಟುವುದಿಲ್ಲ. ಆದರೂ ಒಂದು ಸಣ್ಣ ಊರಿನ ಶಾಲಾ ಶಿಕ್ಷಕ ತನ್ನ ವಿದ್ಯಾರ್ಥಿಗಳಿಗೆ 1740ರ ಸೈನಿಕ ಹೇಗಿದ್ದನೆಂದು ತೋರಿಸಲು ಸಾಧ್ಯವಾಗಿದ್ದರೆ ಅದು ಈ ಒರಟು ಕೋವಿಗಳಿಂದ.

ನಮ್ಮ ಕಡೆ ಈ ಹವ್ಯಾಸವಿಲ್ಲ, ಕೋವಿಯಿದೆ. 1959ರ ಆಯುಧ ಕಾಯಿದೆಯಡಿ ಬೆಳೆ ರಕ್ಷಣೆಗೆಂದು ಮೂತಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡುವ ಕ್ರಮವಿದೆ, ಚಕಮಕಿಯ ಬದಲು ಸಿಡಿಯುವ ಕೇಪಿನಿಂದ ಹೊತ್ತುವ ಮಲೆನಾಡಿನ ಮನೆಗಳ ಕೇಪಿನ ಕೋವಿಗಳು ಹಾಗೆ ಬಂದವು. ಕೊಡಗಿನ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ; 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೊಡಗಿನಲ್ಲಿ ಮಗು ಹುಟ್ಟಿದಾಗ, ಮನೆಯವರು ತೀರಿಕೊಂಡಾಗ ಗಾಳಿಗೆ ಈಡು ಹೊಡೆಯುವ ಪದ್ಧತಿಯಿದೆ, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆಯಿದೆ. ಇಂಥ ಮನೆಗಳಲ್ಲಿ ಅಜ್ಜನ ಕಾಲದ ಕೋವಿಯನ್ನು ಇಳಿಸಿ ಒಮ್ಮೆ ಹೊಡೆದು ನೋಡುವ ಆಸೆ ಸಹಜ. ಅದು ಅಸಲಿ, ಅಗ್ಗದ ನಕಲಲ್ಲ ಎಂಬ ಧೈರ್ಯ ಬೇರೆ. ಆ ಧೈರ್ಯಕ್ಕೆ ಆಧಾರವಿಲ್ಲ. ಮಲೆನಾಡಿನ ತೇವದಲ್ಲಿ ಐವತ್ತು ವರ್ಷ ನಿಂತ ಹಳೆಯ ಕಬ್ಬಿಣದ ಒಳಗೆ ತುಕ್ಕು ಎಷ್ಟು ಆಳಕ್ಕೆ ಗುಳಿ ತೋಡಿದೆಯೆಂದು ಬಿರಡೆ ಬಿಚ್ಚಿ ನೋಡದೆ ಗೊತ್ತಾಗದು, ನಳಿಗೆಯ ಮೇಲೆ ಪ್ರೂಫ್ ಮುದ್ರೆ ಇದ್ದರೂ ಅದು ಹೇಳುವುದು ಮುದ್ರೆ ಒತ್ತಿದ ದಿನದ ಮಾತನ್ನು.

ಅದಕ್ಕೂ ಮೊದಲು ನೋಡಬೇಕಾದದ್ದು ಒಂದಿದೆ. ಕೋವಿಯ ಮೂತಿಯನ್ನು ಜನರಿಲ್ಲದ ದಿಕ್ಕಿಗೆ ತಿರುಗಿಸಿ, ಕೇಪು ಇದ್ದರೆ ತೆಗೆದು, ಪಕ್ಕಕ್ಕೆ ನಿಂತು ಒಂದು ಮರದ ಕಡ್ಡಿಯನ್ನು ಮೆಲ್ಲಗೆ ನಳಿಗೆಯೊಳಗೆ ಇಳಿಸಿ, ಅದು ನಿಂತ ಜಾಗದಲ್ಲಿ ಮೂತಿಯ ಮಟ್ಟಕ್ಕೆ ಗುರುತು ಮಾಡಬೇಕು. ಅದೇ ಕಡ್ಡಿಯನ್ನು ಹೊರಗೆ ನಳಿಗೆಯ ಉದ್ದಕ್ಕೆ ಹಿಡಿದಾಗ ತುದಿ ಕಿಡಿತೂತಿನವರೆಗೆ ಬಂದರೆ ಕೋವಿ ಖಾಲಿ. ನಾಲ್ಕು ಬೆರಳು ಮುಂಚೆಯೇ ನಿಂತರೆ ಒಳಗೆ ಈಡು ಕೂತಿದೆ ಎಂದೇ ತಿಳಿಯಬೇಕು. ತೇವ ತಾಗದ ಕರಿಮದ್ದು ನೂರು ವರ್ಷದ ನಂತರವೂ ಕಿಡಿ ಸಿಕ್ಕರೆ ಹೊತ್ತುತ್ತದೆ. ಅಂಥ ಕೋವಿಯನ್ನು ಮತ್ತೆ ಅಟ್ಟಕ್ಕೇರಿಸದೆ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಪರವಾನಗಿಯಿರುವ ಕೋವಿ ರಿಪೇರಿಯವರಿಂದ ಈಡನ್ನು ತೆಗೆಸಬೇಕು.